ಏಕಾದಶಿಯ ಬಿಸಿನೀರು

ಕ್ಯೋಟೋ
೨೦ ಮಾರ್ಚ್ ೨೦೨೫

ಚಿರಂಜೀವಿ ನಿತೀಶನಿಗೆ,

ಫೋನಿನಲ್ಲಿ ಶುರುವಾದ ನಮ್ಮ ಮಾತು ಜಗಳದಲ್ಲೇ ಮುಗಿಯುತ್ತದೆ, ಅದಕ್ಕೇ ಈ ಕಾಗದ. ಇದು ಸೆಂಡಾಯ್ ತಲುಪುವ ಹೊತ್ತಿಗೆ ನನ್ನ ಸಿಟ್ಟು ಇಳಿದಿರುತ್ತದೆ, ನಿನ್ನದು ಇನ್ನೂ ಏರಿರುವುದಿಲ್ಲ.

ನಾನು ಕಳಿಸಿದ್ದು ಈ ಮನೆಯ ಬಾಡಿಗೆ ಕರಾರು. ಜೂನ್ ತಿಂಗಳಿಗೆ ಅದರ ಅವಧಿ ಮುಗಿಯುತ್ತದೆ. ಅರವತ್ತೈದರ ಒಂಟಿ ಹೆಂಗಸಿಗೆ ಮನೆಯವರೊಬ್ಬರ ಜಾಮೀನು ಇಲ್ಲದೆ ಮನೆ ಕೊಡುವುದಿಲ್ಲ ಎಂದು ಮಾಲೀಕರು ಬಗ್ಗಿ ಬಗ್ಗಿ ನಮಸ್ಕರಿಸುತ್ತಲೇ ಹೇಳಿದರು. ಅದಕ್ಕೆ ಸಹಿಯ ಜಾಗದಲ್ಲಿ ನಿನ್ನ ಮುದ್ರೆ ಒತ್ತಿ ಕಳಿಸು ಎಂದೆ. ನೀನು ಕಳಿಸಿದ್ದು ನಿನ್ನ ಮನೆ ಹತ್ತಿರದ ವೃದ್ಧರ ವಸತಿಗೃಹದ ಬಣ್ಣದ ಪುಸ್ತಿಕೆ. ಅದರ ಮುಖಪುಟದಲ್ಲಿ ಒಬ್ಬ ಅಜ್ಜಿ ಬಲೂನ್ ಹಿಡಿದುಕೊಂಡು ನಗುತ್ತಿದ್ದಾಳೆ. ನಾನು ಬಲೂನ್ ಹಿಡಿದದ್ದು ನಿನ್ನ ನಾಮಕರಣದಲ್ಲಿ, ಅದೂ ಬೇರೆ ಯಾರೂ ಹಿಡಿಯುವವರಿಲ್ಲ ಎಂದು.

ನಿಮ್ಮಪ್ಪ ಹೋಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಾನು ಬಿದ್ದದ್ದು ಒಂದೇ ಸಲ, ಫೆಬ್ರವರಿಯಲ್ಲಿ, ಬಸ್ ನಿಲ್ದಾಣದ ಹಿಮದ ಮೇಲೆ. ಆವತ್ತು ಅಲ್ಲಿ ಇಬ್ಬರು ಕಾಲೇಜು ಹುಡುಗರೂ ಬಿದ್ದರು. ಅವರನ್ನು ಯಾರೂ ವಸತಿಗೃಹಕ್ಕೆ ಸೇರಿಸಿದ ಹಾಗೆ ಕಾಣೆ.

ಇನ್ನು ನೀನು ತಂದಿಟ್ಟ ಆ ಬಿಸಿನೀರಿನ ಪಾಟ್. ಕಾಫಿ ಫಿಲ್ಟರ್‌ಗೆ ನೀರು ಹಾಕಲು ಗುಂಡಿ ಒತ್ತಿದರೆ ಸಾಕು, ‘ತಾಯಿಯವರು ಬಿಸಿನೀರು ಬಳಸಿದರು’ ಎಂದು ನಿನ್ನ ಫೋನಿಗೆ ಸುದ್ದಿ ಹೋಗುತ್ತದೆ. ಇದಕ್ಕೆ ಇವರು ‘ಮಿಮಾಮೊರಿ’ ಎನ್ನುತ್ತಾರೆ, ದೂರದಿಂದ ಕಣ್ಣಿಟ್ಟು ಕಾಯುವುದು. ನಮ್ಮ ಕಡೆ ಹಸುವಿನ ಕೊರಳಿಗೆ ಗಂಟೆ ಕಟ್ಟುತ್ತಾರೆ, ಇದೂ ಅದೇ. ಮೊದಲ ಏಕಾದಶಿಯ ದಿನ ನಾನು ಉಪವಾಸ, ನೀರೂ ಇಲ್ಲ, ಕಾಫಿಯೂ ಇಲ್ಲ. ಪಾಟ್ ಸುಮ್ಮನಿತ್ತು ಎಂದು ನೀನು ಗಾಬರಿಯಾಗಿ ಪಕ್ಕದ ಮನೆಯ ನಿಶಿಮುರಾ ಸಾನ್ ಕೈಲಿ ಬಾಗಿಲು ತಟ್ಟಿಸಿದೆ. ಆಮೇಲೆ ವರ್ಷದ ಏಕಾದಶಿಗಳನ್ನೆಲ್ಲ ಫೋನಿನ ಕ್ಯಾಲೆಂಡರಿಗೆ ಹಾಕಿಕೊಂಡೆಯಂತೆ. ನಿಮ್ಮಜ್ಜಿ ಇದ್ದಿದ್ದರೆ ಹುಡುಗ ಆಚಾರವಂತನಾದ ಎಂದು ಹಿಗ್ಗುತ್ತಿದ್ದರು.

ಕೊನೆಯ ಮಾತು. ಏಪ್ರಿಲ್‌ನಲ್ಲಿ ನಾನು ಕ್ರೀಟ್ ದ್ವೀಪಕ್ಕೆ ಹೋಗಬೇಕೆಂದಿದ್ದೇನೆ. ಹನಿಯಾ, ರೆಥಿಮ್ನೊ, ಹೆರಾಕ್ಲಿಯೋನ್, ಮೂರೂ ಮೆಡಿಟರೇನಿಯನ್ ತೀರದ ಹಳೆಯ ಬಂದರು ಊರುಗಳು. ಒಬ್ಬಳೇ ಹೋಗುತ್ತೇನೆ. ಇದು ಅಪ್ಪಣೆ ಕೇಳುವ ಕಾಗದವಲ್ಲ.

ಆಶೀರ್ವಾದಗಳೊಂದಿಗೆ,
ಅಮ್ಮ


ಸೆಂಡಾಯ್
೨೭ ಮಾರ್ಚ್ ೨೦೨೫

ಪ್ರೀತಿಯ ಅಮ್ಮನಿಗೆ,

ಲ್ಯಾಬಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಕನ್ನಡ ಅಕ್ಷರ ನೋಡಿ ನಗಬೇಡ.

ನಿನ್ನ ಕಾಗದ ಓದಿದರೆ ನಾನು ಜೈಲಿನ ಸೂಪರಿಂಟೆಂಡೆಂಟ್ ಅನಿಸುತ್ತದೆ. ಮೊಣಕಾಲು ನೋವು ಅಂತ ನೀನೇ ಹೇಳಿದ್ದು. ಮೆಟ್ಟಿಲಿನ ಬಲ್ಬ್ ಹೋದರೆ ವಾರಗಟ್ಟಲೆ ಕತ್ತಲಲ್ಲಿ ಹತ್ತುವವಳೂ ನೀನೇ. ಅಪ್ಪ ಬಿದ್ದ ದಿನ ನೀನು ಫೋನ್ ಮಾಡಿದಾಗ ನಾನು ಮೀಟಿಂಗಿನಲ್ಲಿದ್ದೆ, ಫೋನ್ ಎತ್ತಲಿಲ್ಲ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನೊಂದು ಸಲ ಹಾಗಾಗುವುದಕ್ಕೆ ನಾನು ಬಿಡುವುದಿಲ್ಲ. ಪಾಟ್ ಇರುವುದು ಅದಕ್ಕೆ. ವಸತಿಗೃಹವೂ ಅದಕ್ಕೇ. ಅಲ್ಲಿಂದ ನನ್ನ ಮನೆಗೆ ಸೈಕಲ್ಲಿನಲ್ಲಿ ಬರಬಹುದು, ಸಸ್ಯಾಹಾರದ ವ್ಯವಸ್ಥೆಯನ್ನೂ ಕೇಳಿದ್ದೇನೆ. ಮೇ ಕೊನೆಯೊಳಗೆ ಹೂಂ ಅನ್ನಬೇಕು.

ಕರಾರಿಗೆ ಮುದ್ರೆ ಒತ್ತುವುದಿಲ್ಲ. ಒತ್ತಿದರೆ ನೀನು ಇನ್ನೂ ಎರಡು ವರ್ಷ ಅಲ್ಲೇ ಒಬ್ಬಳೇ ಇರುತ್ತೀಯ.

ಕ್ರೀಟ್ ಯಾಕೆ? ಅದನ್ನು ನೀನು ನೋಡಿಯಾಗಿದೆ. ತೊಂಬತ್ತೆಂಟರಲ್ಲಿ ಅಪ್ಪನ ಕಾನ್ಫರೆನ್ಸಿಗೆ ಮೂವರೂ ಹೋಗಿದ್ದೆವು, ನನಗಾಗ ಎಂಟು ವರ್ಷ. ಹನಿಯಾದ ದೀಪಸ್ತಂಭ ನನಗೆ ಚೆನ್ನಾಗಿ ನೆನಪಿದೆ. ನೀನು ಹಸಿರು ಸೀರೆ ಉಟ್ಟಿದ್ದೆ, ನನ್ನ ಕೈ ಹಿಡಿದುಕೊಂಡಿದ್ದೆ. ನನ್ನ ಐಸ್‌ಕ್ರೀಮ್ ಕಲ್ಲಿನ ಮೇಲೆ ಬಿತ್ತು, ನಾನು ಅತ್ತೆ, ನೀನು ಸೆರಗಿನಲ್ಲಿ ಮೂಗು ಒರೆಸಿದೆ. ನನಗಿರುವ ಬಾಲ್ಯದ ಒಳ್ಳೆಯ ನೆನಪುಗಳಲ್ಲಿ ಅದೊಂದು. ನೋಡಿದ ಊರನ್ನೇ ನೋಡುವುದಕ್ಕೆ ಈ ಕಾಲಿನಲ್ಲಿ ಅಷ್ಟು ದೂರ ಹೋಗುವುದು ಬೇಡ.

ಹೋಗಕೂಡದು, ಅಮ್ಮ.

ನಿತೀಶ್


ಕ್ಯೋಟೋ
೩೧ ಮಾರ್ಚ್ ೨೦೨೫

ನಿತೀಶನಿಗೆ,

ನಿನ್ನ ಅಕ್ಷರ ನೋಡಿ ನಗಲಿಲ್ಲ. ಐಸ್‌ಕ್ರೀಮಿನ ಸಾಲನ್ನು ಎರಡು ಸಲ ಓದಿದೆ.

ಸೀರೆ ನನ್ನದೇ. ಉಟ್ಟವಳು ಮಾತ್ರ ನಾನಲ್ಲ.

ಬೆಂಗಳೂರಿನಿಂದ ಬಂದಿದ್ದ ಪ್ರೊಫೆಸರರ ಹೆಂಡತಿ ಸರಸ್ವತಿ ಎಂಬುವರಿದ್ದರು. ವಿಮಾನದವರು ಅವರ ಪೆಟ್ಟಿಗೆ ಕಳೆದುಹಾಕಿದ್ದರು. ಉಡಲು ಇಲ್ಲ ಎಂದು ನನ್ನ ಹಸಿರು ಸೀರೆ ಕೊಟ್ಟೆ. ನಿನ್ನನ್ನು ದೀಪಸ್ತಂಭಕ್ಕೆ ಕರೆದುಕೊಂಡು ಹೋದವರು, ಕೈ ಹಿಡಿದವರು, ಮೂಗು ಒರೆಸಿದವರು ಅವರು. ಸೀರೆಯ ಸೆರಗಿನಲ್ಲಿ ಅಂಟು ಅಂಟಾಗಿ ಕಲೆಯಿತ್ತು, ಅದನ್ನು ಒಗೆದದ್ದು ನಾನು.

ನಾನೆಲ್ಲಿದ್ದೆ ಎಂದು ಕೇಳು. ಹೋಟೆಲಿನ ಕೋಣೆಯಲ್ಲಿ ಹುಣಸೆಹಣ್ಣು ನೆನೆಹಾಕಿಕೊಂಡು ಕೂತಿದ್ದೆ. ನಿಮ್ಮಪ್ಪ ಹೊರಗಿನ ಅನ್ನ ಮುಟ್ಟುವವರಲ್ಲ. ಅವರು ಯಾವ ದೇಶಕ್ಕೆ ಕಾನ್ಫರೆನ್ಸಿಗೆ ಹೋದರೂ ಕ್ಯೋಟೋದಿಂದ ಅಕ್ಕಿ ಬೇಯಿಸುವ ರೈಸ್ ಕುಕ್ಕರ್ ಬರುತ್ತಿತ್ತು, ಅದರ ಹಿಂದೆ ನಾನು. ಹನಿಯಾದಲ್ಲಿ ಮಿಕ್ಕ ಭಾರತೀಯರೂ ಸಾರಿನ ವಾಸನೆ ಹಿಡಿದು ಬಂದರು. ನಿಮ್ಮಪ್ಪನಿಗೆ ಹೆಮ್ಮೆಯೋ ಹೆಮ್ಮೆ: “ಬನ್ನಿ ಬನ್ನಿ, ನಮ್ಮನೆಯವ್ಳು ಎಷ್ಟು ಜನಕ್ಕೆ ಬೇಕಾದ್ರೂ ಮಾಡ್ತಾಳೆ.” ಬೆಳಗ್ಗೆ ಸ್ನಾನ, ಮಡಿ, ಅಡುಗೆ. ಮಧ್ಯಾಹ್ನ ಬಾತ್‌ರೂಮಿನಲ್ಲಿ ಪಾತ್ರೆ. ಸಂಜೆ ಮತ್ತೆ ಒಗ್ಗರಣೆ. ನನ್ನನ್ನೂ ಕರೆಯುತ್ತಿದ್ದರು, ಸುಳ್ಳೇಕೆ. “ಊಟ ಆದ್ಮೇಲೆ ನೀನೂ ಬಾರೇ” ಅನ್ನುತ್ತಿದ್ದರು. ಆ ‘ಆದ್ಮೇಲೆ’ ಬರುವ ಮೊದಲೇ ವಾಪಸಾಗುವ ದಿನ ಬಂತು. ಕಿಟಕಿಯಿಂದ ದೀಪಸ್ತಂಭದ ಅರ್ಧ ಕಾಣುತ್ತಿತ್ತು, ಇನ್ನರ್ಧಕ್ಕೆ ಎದುರಿನ ಕಟ್ಟಡ ಅಡ್ಡ. ನಾನು ನೋಡಿದ ಕ್ರೀಟ್ ಅಷ್ಟೇ.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನದು ಹಾಗೆ. ಉರಿಯಲಿ, ಈಗಲಾದರೂ ಉರಿದಿದೆ.

ಹೋಗಕೂಡದು ಎಂದು ನೀನು ಬರೆದದ್ದು ತಲುಪಿತು.

ಅನಸೂಯಾ
(ನಿನ್ನಮ್ಮನಿಗೆ ಒಂದು ಹೆಸರೂ ಇದೆ.)


ಹನಿಯಾ, ಕ್ರೀಟ್
೧೭ ಏಪ್ರಿಲ್ ೨೦೨೫

ಚಿರಂಜೀವಿ ನಿತೀಶನಿಗೆ,

ಇಲ್ಲಿಂದ ಹಾಕಿದ ಕಾಗದ ಜಪಾನ್ ಸೇರಲು ಎರಡು ವಾರ ಬೇಕಂತೆ. ಅಷ್ಟರಲ್ಲಿ ನಾನು ಕ್ಯೋಟೋದಲ್ಲಿರುತ್ತೇನೆ. ಆದ್ದರಿಂದ ಧಾರಾಳವಾಗಿ ಬರೆಯುತ್ತೇನೆ.

ಬಂದಿದ್ದೇನೆ.

ನೀನು ಮಾತು ಬಿಟ್ಟ ಮೇಲೆ ನಮ್ಮಿಬ್ಬರ ನಡುವೆ ಮಾತಾಡುವುದು ಆ ಪಾಟ್ ಒಂದೇ. ಅದೂ ಸುಮ್ಮನಾದರೆ ನೀನು ಓಡಿಬರುತ್ತೀಯ. ಅದಕ್ಕೇ ಮನೆಯ ಬೀಗದ ಕೈ ನಿಶಿಮುರಾ ಸಾನ್‌ಗೆ ಕೊಟ್ಟು, ಬೆಳಗ್ಗೆ ಆರೂವರೆಗೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಗುಂಡಿ ಒತ್ತಿ ಎಂದು ಹೇಳಿ ಬಂದೆ. ಅವರಿಗೆ ಎಪ್ಪತ್ತೆರಡು. ಮಗಳು ಅವರ ಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದಾಳೆ, ಅದಕ್ಕೆ ಅವರು ಟೋಪಿ ಹಾಕಿಟ್ಟಿದ್ದಾರೆ. ವಿಷಯ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕರು. “ಎಷ್ಟು ದಿನ ಬೇಕಾದರೂ ಒತ್ತುತ್ತೇನೆ ಅನಸೂಯಾ ಸಾನ್, ನನಗೆ ಬಂದರಿನ ಚಿತ್ರ ಕಳಿಸಿ” ಎಂದರು.

ರೈಸ್ ಕುಕ್ಕರ್ ತಂದಿಲ್ಲ. ಕಸದವರು ಒಯ್ಯಲೆಂದು ಅದಕ್ಕೆ ದೊಡ್ಡ ಕಸದ ಚೀಟಿ ಅಂಟಿಸಿ ಬಾಗಿಲ ಬಳಿ ಇಟ್ಟು ಬಂದೆ. ಊಟಕ್ಕೇನು ಗತಿ ಎಂದು ಒಳಗೊಳಗೇ ಅಳುಕಿತ್ತು. ನಾನು ಇಳಿದುಕೊಂಡಿರುವ ಮನೆಯ ಯಜಮಾನಿ ಅರ್ಗಿರೋ, ನನ್ನ ವಯಸ್ಸಿನವಳು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ನಾನು ಸಂಕೋಚದಿಂದ ಹೇಳುತ್ತ ಹೋದರೆ ಅವಳು ಕೈ ಬೀಸಿ, ಇದು ಈಸ್ಟರ್ ಮುಂಚಿನ ವಾರ, ಈಗ ನಾವೆಲ್ಲರೂ ಹಾಗೇ, ಕೂತುಕೋ ಎಂದಳು. ಸೊಪ್ಪು, ಬೇಳೆಯ ಗಂಜಿ, ಆಲಿವ್ ಎಣ್ಣೆಯಲ್ಲಿ ಬೆಂದ ಅವರೆಯಂಥ ಕಾಳು. ಬೇರೊಬ್ಬರು ಮಾಡಿ ಬಡಿಸಿದ್ದನ್ನು ಕೂತು ಉಂಡೆ. ಉಪ್ಪು ಕಡಿಮೆಯಿತ್ತು. ಹಾಕಿಸಿಕೊಂಡೆ.

ಈ ಬಂದರು ಕುದುರೆ ಲಾಳದ ಹಾಗೆ ಬಾಗಿದೆ. ವೆನಿಸ್‌ನವರು ಕಟ್ಟಿದ್ದು. ಒಂದು ದಡದಲ್ಲಿ ಅವರ ಹಡಗು ರಿಪೇರಿಯ ಕಲ್ಲಿನ ಕೊಟ್ಟಿಗೆಗಳು, ಇನ್ನೊಂದು ಕಡೆ ನೀರಿನ ಅಂಚಿಗೇ ತುರ್ಕರ ಗುಮ್ಮಟದ ಮಸೀದಿ. ದೀಪಸ್ತಂಭವನ್ನು ಆಮೇಲೆ ಈಜಿಪ್ಟಿನವರು ಹೊಸದಾಗಿ ಕಟ್ಟಿದರಂತೆ. ಬಂದವರೆಲ್ಲ ಇದು ನಮ್ಮದೇ ಎಂದು ಕಟ್ಟಿ ಹೋಗಿದ್ದಾರೆ. ಊರು ಮಾತ್ರ ಯಾರದೂ ಆಗದೆ ತನ್ನ ಪಾಡಿಗೆ ತಾನು ಬಲೆ ಒಣಗಿಸಿಕೊಂಡು ಕೂತಿದೆ.

ದೀಪಸ್ತಂಭ ಬಂದರಿನ ಆಚೆ ಬದಿಗಿದೆ. ಅಲ್ಲಿಗೆ ಅಲೆ ತಡೆಯುವ ಕಟ್ಟೆಯ ಮೇಲೇ ನಡೆಯಬೇಕು, ಹಿಡಿದುಕೊಳ್ಳಲು ಏನೂ ಇಲ್ಲ. ಕಲ್ಲುಗಳು ಏರುಪೇರು. ನಿನ್ನ ಪುಣ್ಯ, ನೀನು ಅಲ್ಲಿರಲಿಲ್ಲ. ಮೊಣಕಾಲು ಮೂರು ಕಡೆ ಕೂರಿಸಿತು. ಒಬ್ಬ ಮೀನುಗಾರ ಏನೋ ಕೂಗಿದ, ಹಿಂದಿರುಗು ಎಂದನೋ ಮುಂದೆ ಹೋಗು ಎಂದನೋ ತಿಳಿಯಲಿಲ್ಲ. ಮುಂದೆ ಹೋದೆ.

ಹೋಗಿ ದೀಪಸ್ತಂಭಕ್ಕೆ ಬೆನ್ನು ಕೊಟ್ಟು ನಿಂತು ಆ ಹೋಟೆಲಿನ ಕಿಟಕಿ ಹುಡುಕಿದೆ. ಸಿಕ್ಕಿತು. ಹಸಿರು ಬಾಗಿಲು, ಮೂರನೆಯ ಮಹಡಿ. ಅಲ್ಲಿ ಒಗ್ಗರಣೆ ಸೌಟು ಹಿಡಿದು ಒಬ್ಬಳು ನಿಂತಿದ್ದಳಲ್ಲ, ಮೂವತ್ತೆಂಟರ ಹೆಂಗಸು. ಅವಳನ್ನು ನೆನೆದರೆ ಅಳು ಬರುತ್ತದೆ ಎಂದುಕೊಂಡಿದ್ದೆ. ಸಿಟ್ಟು ಬಂತು. ನಿಮ್ಮಪ್ಪನ ಮೇಲೆ ಬಂತು, ಕರೆದರೂ ಹೊರಡದ ನನ್ನ ಮೇಲೆ ಬಂತು, ನಿನ್ನ ಬಲೂನ್ ಅಜ್ಜಿಯ ಮೇಲೂ ಬಂತು. ಆ ಸಿಟ್ಟನ್ನು ಅಲ್ಲೇ ಸಮುದ್ರಕ್ಕೆ ಬಿಟ್ಟು ಬರಲಿಲ್ಲ. ಜೊತೆಯಲ್ಲೇ ತಂದಿದ್ದೇನೆ, ಊರಿಗೆ ಹೋದ ಮೇಲೆ ಕೆಲಸಕ್ಕೆ ಬರುತ್ತದೆ.

ನಾಳಿದ್ದು ರೆಥಿಮ್ನೊಗೆ ಬಸ್ಸು.

ನಿನ್ನ, ಗಟ್ಟಿಮುಟ್ಟಾದ,
ಅಮ್ಮ


ಕ್ಯೋಟೋ, ನಿನ್ನ ಅಡುಗೆಮನೆ
೨೪ ಏಪ್ರಿಲ್ ೨೦೨೫

ಅಮ್ಮ,

ನಿನ್ನ ಫೋನ್ ಆಫ್ ಇದೆ. ಇದನ್ನು ಫಿಲ್ಟರಿನ ಕೆಳಗೆ ಇಟ್ಟು ಹೋಗುತ್ತೇನೆ. ಬಂದ ತಕ್ಷಣ ನೀನು ಮುಟ್ಟುವುದು ಅದನ್ನೇ.

ಇವತ್ತು ಏಕಾದಶಿ. ಬೆಳಗ್ಗೆ ಆರೂವರೆಗೆ ಫೋನಿಗೆ ಬಂತು: ‘ತಾಯಿಯವರು ಬಿಸಿನೀರು ಬಳಸಿದರು.’ ಪಾಟ್ ಸುಮ್ಮನಿದ್ದರೆ ಹೆದರಬೇಕು ಅಂತ ಕಂಪನಿಯವರು ಹೇಳಿದ್ದರು. ಮಾತಾಡಿದರೆ ಹೆದರಬೇಕಾದವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ಅಜ್ಜಿ ಸತ್ತ ವಾರವೂ ನೀನು ಏಕಾದಶಿ ಬಿಟ್ಟವಳಲ್ಲ. ಜ್ವರ ಬಂದು ತಲೆ ಕೆಟ್ಟಿದೆಯಾ, ಮನೆಯಲ್ಲಿ ಬೇರೆ ಯಾರೋ ಇದ್ದಾರಾ, ಏನೇನೋ ಯೋಚನೆ. ನಿಶಿಮುರಾ ಸಾನ್‌ಗೆ ಫೋನ್ ಮಾಡಿದೆ. “ಅನಸೂಯಾ ಸಾನ್ ತುಂಬಾ ಚೆನ್ನಾಗಿದ್ದಾರೆ” ಅಂದರು. ಆ ‘ತುಂಬಾ’ ಕೇಳಿ ಇನ್ನೂ ಹೆದರಿಕೆಯಾಯಿತು. ಎರಡು ಶಿಂಕಾನ್ಸೆನ್ ರೈಲು ಬದಲಿಸಿ ಬಂದೆ.

ಬೀಗ ತೆಗೆದೆ. ಯಾರೂ ಇಲ್ಲ. ನಿನ್ನ ಸೂಟ್‌ಕೇಸ್ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಬಾಗಿಲ ಹತ್ತಿರ ಅಪ್ಪನ ರೈಸ್ ಕುಕ್ಕರ್, ಕಸದ ಚೀಟಿ ಅಂಟಿಸಿಕೊಂಡು ಕೂತಿದೆ. ಅದರ ಪಕ್ಕ ನಾನೂ ಕೂತೆ. ಮೂರು ಗಂಟೆಗೆ ಬಾಗಿಲು ತೆಗೆದು ನಿಶಿಮುರಾ ಸಾನ್ ಒಳಗೆ ಬಂದರು. ನನ್ನನ್ನು ನೋಡಲಿಲ್ಲ. ಏಪ್ರನ್ ಕಟ್ಟಿಕೊಂಡು, ಶ್ರದ್ಧೆಯಿಂದ, ದೇವಸ್ಥಾನದ ಗಂಟೆ ಹೊಡೆಯುವವರ ಹಾಗೆ ಪಾಟಿನ ಗುಂಡಿ ಒತ್ತಿದರು. ನನ್ನ ಜೇಬಿನಲ್ಲಿ ಫೋನ್ ಟಿಂಗ್ ಅಂತು. ಅವರು ತಿರುಗಿದರು. ನಾವಿಬ್ಬರೂ ಒಟ್ಟಿಗೇ “ಸುಮಿಮಾಸೆನ್” ಅಂದೆವು. ತಪ್ಪು ಮಾಡಿದವರು ಅವರು, ಕ್ಷಮೆ ನಾನ್ಯಾಕೆ ಕೇಳಿದೆ ಗೊತ್ತಿಲ್ಲ.

ನೀನು ನನಗೆ ಮೋಸ ಮಾಡಿದೆ ಅಮ್ಮ. ಹತ್ತು ದಿನ ಆ ಸುದ್ದಿ ನೋಡಿ ‘ಸರಿ, ಅಮ್ಮ ಕಾಫಿ ಕುಡಿದಳು’ ಅಂದುಕೊಂಡು ಲ್ಯಾಬಿಗೆ ಹೋಗುತ್ತಿದ್ದೆ. ಯಾರ ಕಾಫಿ ಅದು?

ವಸತಿಗೃಹಕ್ಕೆ ಇಲ್ಲಿಂದಲೇ ಫೋನ್ ಮಾಡಿ ಹೂಂ ಅಂದಿದ್ದೇನೆ. ಜೂನ್ ಒಂದರಿಂದ ರೂಮ್ ನಿನ್ನ ಹೆಸರಿಗೆ. ಮುದ್ರೆ ಒತ್ತುವುದಿಲ್ಲ, ಇದು ಕೊನೆ ಮಾತು.

ನಿತೀಶ್


ರೆಥಿಮ್ನೊ
೨೫ ಏಪ್ರಿಲ್ ೨೦೨೫

ನಿತೀಶನಿಗೆ,

ಇವತ್ತು ಬೆಳಗ್ಗೆ ಬಂದರಿನ ಕಟ್ಟೆಯ ಮೇಲೆ ಕೂತು ಚೀಲದಲ್ಲಿದ್ದ ಪಂಚಾಂಗ ತೆಗೆದು ನೋಡಿದೆ. ದ್ವಾದಶಿ ಎಂದಿತ್ತು. ಅಂದರೆ ನಿನ್ನೆ ಏಕಾದಶಿ. ನಿನ್ನೆ ನಾನು ತಿಂದದ್ದನ್ನು ನೆನೆಸಿಕೊಂಡೆ. ಬ್ರೆಡ್ಡು, ಜೇನು, ಕಿತ್ತಳೆ, ಮಧ್ಯಾಹ್ನ ಎರಡು ಸಲ ಅನ್ನ ತುಂಬಿದ ದ್ರಾಕ್ಷಿ ಎಲೆ. ಮದುವೆಯಾದಾಗಿನಿಂದ ತಪ್ಪಿದ್ದು ಇದೇ ಮೊದಲು. ಪಂಚಾಂಗವನ್ನು ಇನ್ನೊಮ್ಮೆ ತಿರುವಿ ನೋಡಿದೆ. ಆಮೇಲೆ ನೋಡಿದರೆ ಸಮುದ್ರ ಅಲ್ಲೇ ಇತ್ತು, ದೋಣಿಗಳೂ ಅಲ್ಲೇ ಇದ್ದವು. ಕೃಷ್ಣ ಕೇಳಿದರೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ, ಅವನೂ ದ್ವೀಪದಲ್ಲಿ ಊರು ಕಟ್ಟಿದವನೇ.

ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಏಕಾದಶಿ ದಿನ ಒತ್ತಬೇಡಿ ಎಂದು ನಿಶಿಮುರಾ ಸಾನ್‌ಗೆ ಹೇಳಿಲ್ಲ. ಅವರು ಒತ್ತಿರುತ್ತಾರೆ. ನಿನಗೆ ತಿಳಿದಿರುತ್ತದೆ. ಇಷ್ಟೆಲ್ಲ ಉಪಾಯ ಮಾಡಿ, ಕೊನೆಗೆ ಸಿಕ್ಕಿಬಿದ್ದದ್ದು ನನ್ನ ಉಪವಾಸದಿಂದ. ಜೋರಾಗಿ ನಕ್ಕುಬಿಟ್ಟೆ, ಪಕ್ಕದಲ್ಲಿದ್ದ ಬೆಕ್ಕು ಎದ್ದು ಹೋಯಿತು.

ಫೋನ್ ಹಾಕಿ ‘ಚೆನ್ನಾಗಿದ್ದೇನೆ’ ಎಂದು ಒಂದು ಸಾಲು ಕಳಿಸಿ ಮತ್ತೆ ಆರಿಸಿದ್ದೇನೆ. ನಿನ್ನ ಕೂಗಾಟವನ್ನು ಕ್ಯೋಟೋದಲ್ಲೇ ಕೇಳುತ್ತೇನೆ. ಹೆರಾಕ್ಲಿಯೋನ್ ಇನ್ನೂ ಬಾಕಿಯಿದೆ. ಅಲ್ಲಿ ಸಮುದ್ರದೊಳಗೇ ಒಂದು ಕೋಟೆಯಿದೆಯಂತೆ, ಅದರ ಗೋಡೆಯಲ್ಲಿ ರೆಕ್ಕೆಯಿರುವ ಸಿಂಹ. ಅದನ್ನು ನೋಡದೆ ಬರುವುದಿಲ್ಲ.

ರೆಥಿಮ್ನೊದ ಬಂದರು ಪುಟ್ಟದು, ನಮ್ಮ ಮೈಸೂರಿನ ಮನೆಯ ಬೀದಿಯಷ್ಟು. ಇದರ ಕಥೆ ಕೇಳು. ಕಟ್ಟಿದ ದಿನದಿಂದ ಇದಕ್ಕೆ ಮರಳು ತುಂಬಿಕೊಳ್ಳುತ್ತಲೇ ಬಂದಿದೆ. ತೋಡುತ್ತಾರೆ, ತುಂಬುತ್ತದೆ, ಮತ್ತೆ ತೋಡುತ್ತಾರೆ. ಇದು ಪ್ರಯೋಜನವಿಲ್ಲ, ಮುಚ್ಚಿಬಿಡಿ ಎಂದು ಶತಮಾನಗಳಿಂದ ಬುದ್ಧಿವಂತರು ಹೇಳುತ್ತಿದ್ದಾರಂತೆ. ಊರಿನವರು ಕೇಳಿಲ್ಲ. ನಾನು ಕೂತಿರುವ ಕಡೆಯಿಂದ ಎಂಟು ದೋಣಿ ಕಾಣುತ್ತಿವೆ, ಎಲ್ಲವೂ ತೇಲುತ್ತಿವೆ.

ನನ್ನ ಮೊಣಕಾಲಿಗೂ ಮರಳು ತುಂಬುತ್ತಿದೆ ಮಗು, ನನಗೆ ಗೊತ್ತಿಲ್ಲವೇ? ನನಗೂ ರಾತ್ರಿ ಹೆದರಿಕೆಯಾಗುತ್ತದೆ. ಅದಕ್ಕೆಂದು ಬಂದರನ್ನೇ ಮುಚ್ಚಲು ಒಪ್ಪುವುದಿಲ್ಲ.

ಅಮ್ಮ


ಕ್ಯೋಟೋ
೩ ಮೇ ೨೦೨೫

ಚಿರಂಜೀವಿ ನಿತೀಶನಿಗೆ,

ಫಿಲ್ಟರಿನ ಕೆಳಗಿದ್ದ ಕಾಗದ ಓದಿದೆ. ಮೋಸ ಮಾಡಿದೆ ಎಂದಿದ್ದೀಯ, ಹೌದು, ಮಾಡಿದೆ. ನೀನು ಹತ್ತು ದಿನ ನಂಬಿದ ಕಾಫಿ ನನ್ನದಲ್ಲ ಎಂಬುದು ನಿನಗೆ ಚುಚ್ಚಿದೆ, ಅದಕ್ಕೆ ನನಗೆ ಬೇಸರವಿದೆ. ಹೋದದ್ದಕ್ಕೆ ಇಲ್ಲ.

ವಸತಿಗೃಹದವರಿಗೆ ನಿನ್ನೆ ಫೋನ್ ಮಾಡಿದೆ. ಕ್ಯೋಟೋದವರು ಬೇಡ ಎನ್ನುವುದನ್ನು ಸುತ್ತಿ ಬಳಸಿ, ಹವಾಮಾನ ವಿಚಾರಿಸಿ, ಎದುರಿನವರೇ ಅರ್ಥ ಮಾಡಿಕೊಳ್ಳುವ ಹಾಗೆ ಹೇಳುತ್ತಾರೆ. ಮೂವತ್ತು ವರ್ಷದಲ್ಲಿ ನಾನೂ ಅದನ್ನು ಕಲಿತಿದ್ದೇನೆ. ನಿನ್ನೆ ಅದನ್ನು ಬಳಸಲಿಲ್ಲ. ಹೆಸರು ಹೇಳಿದೆ, ಬರುವುದಿಲ್ಲ ಎಂದೆ. ಆ ಹುಡುಗಿ ಪಾಪ, ಹವಾಮಾನವನ್ನು ತಾನೇ ವಿಚಾರಿಸಿದಳು.

ನೀನು ಮುದ್ರೆ ಒತ್ತದಿದ್ದರೆ ಈ ಮನೆ ಹೋಗುತ್ತದೆ. ನಿಶಿಮುರಾ ಸಾನ್ ತಾವು ಒತ್ತುತ್ತೇನೆ ಎಂದರು, ಮಾಲೀಕರಿಗೆ ಮನೆಯವರೇ ಆಗಬೇಕು. ನನಗೆ ಮನೆಯವನೆಂದರೆ ನೀನೊಬ್ಬನೇ. ಈ ಮನೆ ಹೋದರೆ ನನಗೆ ತುಂಬ ದುಃಖವಾಗುತ್ತದೆ, ನಿಮ್ಮಪ್ಪ ಇಟ್ಟ ತುಳಸಿಗೆ ಇಷ್ಟು ಬಿಸಿಲು ಇನ್ನೆಲ್ಲೂ ಸಿಗುವುದಿಲ್ಲ. ಆದರೂ ಸೆಂಡಾಯ್‌ನ ಆ ಕೋಣೆಗೆ ಬರುವುದಿಲ್ಲ. ಇನ್ನೊಂದು ಊರಿನಲ್ಲಿ, ಮಾಲೀಕರು ಇಷ್ಟು ಬಗ್ಗಿ ನಮಸ್ಕರಿಸದ ಕಡೆ, ಒಂದು ಕೋಣೆ ಹುಡುಕಿಕೊಳ್ಳುತ್ತೇನೆ. ಇದು ನನ್ನ ಕೊನೆಯ ಮಾತು. ನಿನ್ನದೂ ಕೊನೆಯ ಮಾತು ಆದ್ದರಿಂದ ಇಬ್ಬರದೂ ಇರಲಿ.

ಇನ್ನು ನಿಶಿಮುರಾ ಸಾನ್ ಹೇಳಿದ್ದು. ಆವತ್ತು ನೀನು ಈ ಕಾಗದ ಬರೆದು ಮುಗಿಸಿ ಅಲ್ಲೇ ಚಾಪೆಯ ಮೇಲೆ ಒರಗಿದವನು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲವಂತೆ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಅವರು ಎರಡು ಸಲ ಬಂದು ನೋಡಿದರಂತೆ. ನಿನ್ನ ಚೀಲದ ತುಂಬ ಕೊಂಬಿನಿ ಅಂಗಡಿಯ ಅನ್ನದುಂಡೆಯ ಪ್ಲಾಸ್ಟಿಕ್. ಸೊರಗಿದ ಕುತ್ತಿಗೆ ಕಾಲರಿನಲ್ಲಿ ಅಲ್ಲಾಡುತ್ತಿತ್ತಂತೆ. ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಅನಸೂಯಾ ಸಾನ್, ನಿಮ್ಮ ಮಗನಿಗೆ ಮಿಮಾಮೊರಿ ಯಾರು?” ಹನ್ನೆರಡು ವರ್ಷದಿಂದ ನೀನು ಸೆಂಡಾಯ್‌ನಲ್ಲಿದ್ದೀಯ. ಲ್ಯಾಬ್, ಕೊಂಬಿನಿ, ಮನೆ. ನನ್ನ ಕೋಣೆಯಾದರೂ ಹೋಟೆಲಿನದು, ಕಿಟಕಿಯಿಂದ ಅರ್ಧ ದೀಪಸ್ತಂಭ ಕಾಣುತ್ತಿತ್ತು. ನಿನಗೆ ಏನು ಕಾಣುತ್ತದೆ?

ಬಾಗಿಲ ಬಳಿ ರೈಸ್ ಕುಕ್ಕರ್ ಇಲ್ಲ. ಕಸದವರು ಒಯ್ದಿಲ್ಲ, ಚೀಟಿಯನ್ನು ಯಾರೋ ಕಿತ್ತು ಮೆಟ್ಟಿಲಿಗೆ ಅಂಟಿಸಿದ್ದಾರೆ. ಆದ್ದರಿಂದ ಒಯ್ದವನು ನೀನು. ಅಕ್ಕಿ ಬೇಯಿಸುವುದನ್ನು ಒಯ್ದಿದ್ದೀಯ, ನೀರು ಕಾಯಿಸುವುದನ್ನೂ ಇಟ್ಟುಕೋ. ಪಾಟ್ ಪಾರ್ಸೆಲ್ ಮಾಡಿದ್ದೇನೆ. ಕಂಪನಿಗೆ ಫೋನ್ ಮಾಡಿ ಸುದ್ದಿ ನನ್ನ ಫೋನಿಗೆ ಬರುವ ಹಾಗೆ ಬದಲಾಯಿಸಿದ್ದೇನೆ. ಕಾಯುವವರು ಯಾರು, ಕಾಯಿಸಿಕೊಳ್ಳುವವರು ಯಾರು ಎಂದು ಅವರು ಕೇಳಿದರು. ತಾಯಿ ಮಗನನ್ನು ಎಂದೆ. ಮಗನ ವಯಸ್ಸು ಕೇಳಿ ಎರಡು ಸಲ ಖಚಿತ ಮಾಡಿಕೊಂಡರು. ಜೊತೆಗೆ ನನ್ನ ಎರಡನೆಯ ಫಿಲ್ಟರ್ ಮತ್ತು ಕಾಫಿಪುಡಿ ಇದೆ.

ಕಾಯುತ್ತಿರುವ,
ಅಮ್ಮ


ಸೆಂಡಾಯ್
೧೦ ಮೇ ೨೦೨೫

ಅಮ್ಮ,

ಪಾಟ್ ಬಂತು. ಕಪಾಟಿನಲ್ಲಿಟ್ಟಿದ್ದೇನೆ. ನನಗೆ ಮೂವತ್ತೈದು ವರ್ಷ, ನನಗೆ ಇದರ ಅಗತ್ಯ ಇಲ್ಲ.

ಕುಕ್ಕರ್ ತಂದಿದ್ದು ಅದು ಅಪ್ಪನದು ಅಂತ. ಬೇರೆ ಕಾರಣ ಇಲ್ಲ.

ನಿನ್ನ ಹನಿಯಾ ಮತ್ತು ರೆಥಿಮ್ನೊ ಕಾಗದಗಳು ನಿನ್ನೆ ಒಟ್ಟಿಗೆ ಬಂದವು. ಕಟ್ಟೆಯ ಮೇಲೆ ಮೂರು ಸಲ ಕೂತೆ ಅಂತ ಓದಿದ ಮೇಲೆ ಆವತ್ತು ಲ್ಯಾಬಿನಲ್ಲಿ ಕೆಲಸ ಆಗಲಿಲ್ಲ.

ನಿತೀಶ್


ಕ್ಯೋಟೋ
೨೪ ಮೇ ೨೦೨೫

ಚಿರಂಜೀವಿ ನಿತೀಶನಿಗೆ,

ಕಪಾಟಿನಲ್ಲಿಟ್ಟ ಪಾಟ್ ತಾನಾಗಿಯೇ ನೀರು ಕಾಯಿಸಿಕೊಳ್ಳುತ್ತದೆ ಎಂದು ಕಂಪನಿಯವರು ಹೇಳಿರಲಿಲ್ಲ. ಕಳೆದ ವಾರ ಮೊದಲ ಸಲ ನನ್ನ ಫೋನ್ ಟಿಂಗ್ ಎಂದಿತು: ‘ಮಗನವರು ಬಿಸಿನೀರು ಬಳಸಿದರು.’ ಅವತ್ತಿನಿಂದ ದಿನವೂ ಬರುತ್ತಿದೆ, ಒಮ್ಮೊಮ್ಮೆ ಎರಡು ಸಲ. ನಾನೇನೂ ಕೇಳಲಿಲ್ಲ, ನೀನೂ ಹೇಳಬೇಡ. ನಿಶಿಮುರಾ ಸಾನ್ ಬೆಳಗ್ಗೆ ಬೇಲಿಯಾಚೆಯಿಂದಲೇ “ಬಂತಾ?” ಎಂದು ಕೇಳುತ್ತಾರೆ, ನಾನು ಬಂತು ಎನ್ನುತ್ತೇನೆ. ನಮ್ಮಿಬ್ಬರಿಗೂ ಅದೊಂದು ಚಾಳಿಯಾಗಿಬಿಟ್ಟಿದೆ.

ನಿನ್ನೆ ಬರಲಿಲ್ಲ.

ನಿನ್ನೆ ಏಕಾದಶಿ. ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ನೀನೇನು ಉಪವಾಸ ಮಾಡುವ ಪೈಕಿಯೇ? ಫೋನ್ ಮಾಡಿದೆ, ಎತ್ತಲಿಲ್ಲ. ನಿಮ್ಮಪ್ಪ ಬಿದ್ದ ದಿನವೂ ಹೀಗೇ ಎತ್ತಿರಲಿಲ್ಲ, ನೆನಪಾಯಿತು. ಮಧ್ಯಾಹ್ನ ಚಪ್ಪಲಿ ಮೆಟ್ಟಿ ಕ್ಯೋಟೋ ಸ್ಟೇಷನ್ನಿಗೆ ಹೋಗಿ ಟಿಕೆಟ್ ಯಂತ್ರದ ಮುಂದೆ ನಿಂತೆ. ನನ್ನ ಹಿಂದೆ ಸಾಲು ಬೆಳೆಯಿತು. ಸೆಂಡಾಯ್ ಎಂದು ಒತ್ತಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಅದಕ್ಕಿಂತ ಕಷ್ಟದ ಕೆಲಸ ನಾನು ಹನಿಯಾದ ಕಟ್ಟೆಯ ಮೇಲೂ ಮಾಡಿರಲಿಲ್ಲ. ಮಗ ಬೆಳೆದಿದ್ದಾನೆ, ಎಲ್ಲಿಗೋ ಹೋಗಿದ್ದಾನೆ ಎಂದು ಅಂದುಕೊಳ್ಳುತ್ತ ಮನೆಗೆ ಬಂದೆ. ಬರುವ ದಾರಿಯುದ್ದಕ್ಕೂ ಕಣ್ಣು ತುಂಬಿಕೊಂಡೇ ಇತ್ತು.

ನಿನ್ನ ಏಪ್ರಿಲ್ ನನಗೆ ಅರ್ಥವಾಯಿತು. ಅರ್ಥವಾಯಿತೆಂದು ಸೋತೆ ಎಂದುಕೊಳ್ಳಬೇಡ.

ಇವತ್ತು ಬೆಳಗ್ಗೆ ಸುದ್ದಿ ಬಂತು. ಈಗ ಹೇಳು, ನಿನ್ನೆ ಎಲ್ಲಿದ್ದೆ?

ಅಮ್ಮ


ಸೆಂಡಾಯ್
೨೭ ಮೇ ೨೦೨೫

ಪ್ರೀತಿಯ ಅಮ್ಮನಿಗೆ,

ಶುಕ್ರವಾರ ನಾನು ಶಿಯೋಗಾಮಾದಲ್ಲಿದ್ದೆ. ಇಲ್ಲಿಂದ ಲೋಕಲ್ ಟ್ರೈನಿನಲ್ಲಿ ಅರ್ಧ ಗಂಟೆ. ಹಳೆಯ ಕಾಲದಿಂದ ಇರುವ ಬಂದರು, ಗುಡ್ಡದ ಮೇಲೆ ದೊಡ್ಡ ದೇವಸ್ಥಾನ. ಹನ್ನೆರಡು ವರ್ಷದಲ್ಲಿ ನಾನು ಒಂದು ಸಲವೂ ಹೋಗಿರಲಿಲ್ಲ. ಬೆಳಗ್ಗೆ ಲ್ಯಾಬಿಗೆ ಅಂತಲೇ ಹೊರಟೆ, ಪಾಟ್ ಒತ್ತುವಷ್ಟು ಟೈಮಿರಲಿಲ್ಲ. ಸ್ಟೇಷನ್ನಿನಲ್ಲಿ ಕಾಲು ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಯಿತು. ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ. ಫೋನ್ ಆಫ್ ಮಾಡಿದ್ದೆ. ಅದನ್ನು ಯಾರಿಂದ ಕಲಿತೆ ಅಂತ ಕೇಳಬೇಡ.

ದೋಣಿಯಲ್ಲಿ ಸುತ್ತಿದೆ. ಬಂದರಿನ ಕಟ್ಟೆಯ ತುದಿಯಲ್ಲಿ ಒಂದು ಚಿಕ್ಕ ದೀಪಸ್ತಂಭ ಇದೆ, ಹನಿಯಾದ್ದರ ಮುಂದೆ ಏನೂ ಅಲ್ಲ. ಅಲ್ಲಿವರೆಗೆ ನಡೆದೆ. ಐಸ್‌ಕ್ರೀಮ್ ಕೊಂಡೆ. ಬೀಳಲಿಲ್ಲ.

ಅಲ್ಲಿ ಕೂತು ಆ ಹಸಿರು ಸೀರೆ ಬಗ್ಗೆ ಯೋಚಿಸಿದೆ. ನೀನಲ್ಲ ಅಂತ ಬರೆದಾಗ ನನಗೆ ನಿನ್ನ ಮೇಲೇ ಸಿಟ್ಟು ಬಂದಿತ್ತು, ಒಂದು ಒಳ್ಳೆ ನೆನಪನ್ನು ಕಿತ್ತುಕೊಂಡೆ ಅಂತ. ನಾನು, ಅಪ್ಪ, ಸರಸ್ವತಿ ಆಂಟಿ ವಾಪಸು ಬಂದಾಗ ಬಿಸಿ ಬಿಸಿ ಸಾರು ಇತ್ತು. ಅದು ಎಲ್ಲಿಂದ ಬಂತು ಅಂತ ಇಪ್ಪತ್ತೇಳು ವರ್ಷ ನಾನು ಕೇಳಿರಲಿಲ್ಲ.

ನನಗೆ ಹೆದರಿಕೆ ಹೋಗಿಲ್ಲ ಅಮ್ಮ. ನೀನು ಬಿದ್ದರೆ ಅಂತ ಈಗಲೂ ಹೆದರುತ್ತೇನೆ, ಸಾಯುವವರೆಗೂ ಹೆದರುತ್ತೇನೆ. ಆದರೆ ಅದು ನನ್ನ ಹೆದರಿಕೆ. ಅದನ್ನು ಇಡುವುದಕ್ಕೆ ನಿನಗೆ ರೂಮ್ ಮಾಡಿಸಬಾರದಿತ್ತು.

ಕರಾರು ಇದರ ಜೊತೆಗಿದೆ. ಮುದ್ರೆ ಒತ್ತಿದ್ದೇನೆ, ಸ್ವಲ್ಪ ಓರೆಯಾಗಿದೆ. ಮಾಲೀಕರು ತಕರಾರು ಮಾಡಿದರೆ ಹೇಳು, ನಾನು ಬಂದು ಅವರಿಗಿಂತ ಹೆಚ್ಚು ಬಗ್ಗುತ್ತೇನೆ. ಮೆಟ್ಟಿಲಿನ ಬಲ್ಬ್ ಮಾತ್ರ ಹಾಕಿಸು. ಪಾಟ್ ನನ್ನ ಹತ್ತಿರವೇ ಇರಲಿ.

ಅಕ್ಟೋಬರಿನಲ್ಲಿ ಸೆಂಡಾಯ್‌ಗೆ ಬಾ, ನೋಡಿಕೊಂಡು ಹೋಗುವುದಕ್ಕೆ. ಹಸಿರು ಸೀರೆ ಇದ್ದರೆ ತಾ. ಸ್ಟೇಷನ್ನಿನಿಂದ ಮನೆಗೆ ಬರಬೇಡ, ನೇರ ಶಿಯೋಗಾಮಾ ಟ್ರೈನ್ ಹತ್ತು. ನಿಧಾನವಾಗಿ ಬಂದರು ನೋಡಿಕೊಂಡು ಬಾ. ಅನ್ನ ನಾನು ಇಟ್ಟಿರುತ್ತೇನೆ.

ನಿನ್ನ,
ನಿತೀಶ